ಅವ್ವನಿಗೆ ಆಗದ ಎಣ್ಣೆ

ಚಿತ್ರದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಸೊಸೆ ಭಾನುವಾರಗಳಂದು ಹೆಂಗಸರನ್ನು ಕೂಡಿಸಿಕೊಂಡು ಸುಗಂಧ ತೈಲಗಳ ಪಾಠ ಮಾಡುತ್ತಾಳೆ. ಅರೋಮಾಥೆರಪಿ ಎನ್ನುತ್ತಾಳೆ ಅದಕ್ಕೆ. ಕಿರುಬೆರಳಿನಷ್ಟು ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು, ಯಾವುದನ್ನು ಎಷ್ಟು ಕೊಬ್ಬರಿ ಎಣ್ಣೆಗೆ ಬೆರೆಸಬೇಕು, ಯಾವುದನ್ನು ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು, ಯಾವುದನ್ನು ಕೂಸಿನ ಹತ್ತಿರಕ್ಕೂ ತರಬಾರದು ಎಂದೆಲ್ಲ ಬಹಳ ಅಚ್ಚುಕಟ್ಟಾಗಿ ಹೇಳುತ್ತಾಳೆ. ನಾನು ಒಳಗೆ ಸೊಪ್ಪು ಸೋಸುತ್ತ ಕೇಳಿಸಿಕೊಳ್ಳುತ್ತೇನೆ. ಒಂದು ಭಾನುವಾರ, "ನಮ್ಮತ್ತೆ ಹಿರಿಯೂರಿನ ಎಣ್ಣೆ ಮನೆಯವರು, ಹುಟ್ಟಿದ್ದೇ ಈ ವಾಸನೆಯಲ್ಲಿ" ಎಂದು ಹೇಳಿ ಸೊಸೆ ನನ್ನನ್ನೂ ಎಳೆದುಕೊಂಡು ಹೋಗಿ ಕೂರಿಸಿದಳು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ನನ್ನನ್ನು ನೇರವಾಗಿ ಕೇಳಿದಳು.

"ಆಂಟಿ, ಈ ಎಣ್ಣೆಗಳು ಒಳ್ಳೇವಾ ಕೆಟ್ಟವಾ? ಒಂದೇ ಮಾತಲ್ಲಿ ಹೇಳ್ರಿ."

ಅರವತ್ತು ದಾಟಿದ ಹೆಂಗಸು, ಎಣ್ಣೆಯ ಉಪ್ಪು ತಿಂದು ಬೆಳೆದವಳು, ಇಷ್ಟಕ್ಕೆ ಉತ್ತರ ಹೇಳಲಾರದೆ ಹೋದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಕಾಫಿ ತರುತ್ತೇನೆ ಎಂದು ಎದ್ದು ಒಳಗೆ ಹೋದೆ. ಸೊಸೆ ಆಮೇಲೆ ಏನತ್ತೆ ಹೀಗೆ ಮಾಡಿದಿರಿ ಎಂದು ಕೇಳಿದಳು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ನನಗಾದರೂ ತಿಳಿಯಾದೀತೋ ಎಂಬ ಆಸೆ.

ನಾನು ಹುಟ್ಟಿ ಬೆಳೆದ ಹಿರಿಯೂರಿನ ಮನೆಯಲ್ಲಿ ಬೀದಿಗೆ ತೆರೆದುಕೊಂಡ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೆ ಅಂಟಿಕೊಂಡಂತೆ ಎಣ್ಣೆ ಕೋಣೆ. ಬೆಳಕು ಬಿದ್ದರೆ ಎಣ್ಣೆ ಕೆಡುತ್ತದೆ ಎಂದು ಆ ಕೋಣೆಗೆ ಕಿಟಕಿ ಇಟ್ಟಿರಲಿಲ್ಲ. ಇದ್ದ ಒಂದೇ ಬಾಗಿಲು ಅಡುಗೆಮನೆಗೆ ತೆರೆಯುತ್ತಿತ್ತು. ಒಲೆಯ ಮುಂದೆ ಕೂತ ಹೆಣ್ಣುಮಗಳ ಕಣ್ಣು ಎಣ್ಣೆಯ ಮೇಲೂ ಇರಲಿ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಹಾಗೆ ಕಟ್ಟಿಸಿದ್ದಳು. ಎಣ್ಣೆ ಇಳಿಸುವ ಭಟ್ಟಿ ಮಾತ್ರ ಊರಾಚೆ, ಐಮಂಗಲದ ದಾರಿಯಲ್ಲಿ, ನಮ್ಮ ಹೊಲದ ಅಂಚಿನಲ್ಲಿತ್ತು. ಮಾರಿಕಣಿವೆ ಕಡೆಯ ಗುಡ್ಡಗಳಿಂದ ನಿಂಬೆಹುಲ್ಲು ಬರುತ್ತಿತ್ತು, ಹೊಳಲ್ಕೆರೆ ಕಡೆಯ ತೋಪುಗಳಿಂದ ನೀಲಗಿರಿ ಸೊಪ್ಪು. ಅಪ್ಪ ಅದನ್ನು ದೊಡ್ಡ ತಾಮ್ರದ ಹಂಡೆಗೆ ತುಂಬಿ ಬೆಂಕಿ ಹಾಕಿದರೆ, ಹಬೆ ಕೊಳವೆಯಲ್ಲಿ ಹಾದು, ತಣ್ಣೀರ ತೊಟ್ಟಿಯಲ್ಲಿ ಮುಳುಗಿ, ನೀರಾಗಿ ಇಳಿಯುತ್ತಿತ್ತು. ಆ ನೀರಿನ ಮೇಲೆ ತೇಲುವ ತೆಳ್ಳನೆಯ ಪದರವೇ ನಮ್ಮ ಅನ್ನ. ಸಂಜೆ ಅಪ್ಪ ಬೀದಿಯ ತಿರುವಿನಲ್ಲಿ ಇರುವಾಗಲೇ ಅವನ ವಾಸನೆ ಮನೆಗೆ ಬಂದುಬಿಡುತ್ತಿತ್ತು. ಅಪ್ಪ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಮುಖವಲ್ಲ, ಆ ವಾಸನೆ.

ಅಜ್ಜಿ ಪಡಸಾಲೆಯಲ್ಲಿ ಕೂತು ಎಣ್ಣೆ ಮಾರುತ್ತಿದ್ದಳು. ಮಾರುತ್ತಿದ್ದಳು ಎನ್ನುವುದಕ್ಕಿಂತ ಕೊಡದೆ ಇರಲು ಕಾರಣ ಹುಡುಕುತ್ತಿದ್ದಳು ಎನ್ನಬೇಕು. ಬಂದವರನ್ನು ಪೊಲೀಸರಂತೆ ವಿಚಾರಿಸುತ್ತಿದ್ದಳು. ಯಾರಿಗೆ ಬೇಕು, ವಯಸ್ಸೆಷ್ಟು, ಮನೆಯಲ್ಲಿ ಹಾಲು ಕುಡಿಯುವ ಕೂಸಿದೆಯೋ, ಬಸುರಿ ಇದ್ದಾಳೋ. ಬರೀ ಎಣ್ಣೆಯನ್ನು ಮೈಗೆ ಹಚ್ಚಕೂಡದು, ಕೊಬ್ಬರಿ ಎಣ್ಣೆಗೆ ಹನಿ ಬಿಟ್ಟು ಬೆರೆಸಬೇಕು. ಮೊದಲು ಮೊಳಕೈ ಒಳಮಗ್ಗುಲಿಗೆ ಹಚ್ಚಿ, ಉಂಡು ಕೈ ತೊಳೆಯುವವರೆಗೆ ಕಾಯಬೇಕು. ಕೆಂಪಗಾದರೆ ಆ ಎಣ್ಣೆ ನಿಮ್ಮದಲ್ಲ. ಕಣ್ಣಿನ ಹತ್ತಿರ ಬೇಡ, ಕೂಸಿನ ಮೂಗಿನ ಹತ್ತಿರ ಬೇಡ, ಬಾಯಿಗಂತೂ ಬೇಡವೇ ಬೇಡ. ಒಮ್ಮೆ ಒಬ್ಬ ಗಂಡಸು ಹೊಟ್ಟೆನೋವಿಗೆ ಕುಡಿಯಲು ಎಣ್ಣೆ ಕೊಡಿ ಎಂದು ಬಂದ.

"ಇದು ಕುಡಿಯಾದಲ್ಲ ಕಣಪ್ಪ, ಕುಡುದ್ರೆ ನಿನ್ನನ್ನೇ ಕುಡುಕಂಡ್ ಹೋಗ್ತೈತೆ. ಎದ್ದೋಗು, ಮಜ್ಜಿಗೆ ಕುಡಿ" ಎಂದು ಅವನನ್ನು ಎಬ್ಬಿಸಿ ಕಳಿಸಿದಳು.

ಈಗ ನನ್ನ ಸೊಸೆ ಗೋಡೆಗೆ ಚಾರ್ಟು ಅಂಟಿಸಿ ಹೇಳುವ ಪಾಠವೆಲ್ಲ ನಮ್ಮಜ್ಜಿಯ ಬಾಯಲ್ಲಿತ್ತು. ಇಷ್ಟು ಎಚ್ಚರದ ಹೆಂಗಸಿನ ಮನೆಯಲ್ಲಿ ಅದು ಹೇಗೆ ಆಯಿತು ಎನ್ನುವುದೇ ನನಗೆ ಅರ್ಥವಾಗದ್ದು. ನನ್ನ ನೆಗಡಿ ಆ ಎಣ್ಣೆಯಿಂದ ಹೋಗುತ್ತಿತ್ತು. ಅಪ್ಪನ ಸೊಂಟನೋವು ಹೋಗುತ್ತಿತ್ತು. ಹೊಸದುರ್ಗದಿಂದ ಒಬ್ಬ ಮುದುಕ ಮಂಡಿಗೆ ಹಚ್ಚಿಕೊಳ್ಳಲೆಂದು ಬಸ್ಸು ಹತ್ತಿ ಬರುತ್ತಿದ್ದ. ಅದೇ ಮನೆಯಲ್ಲಿ ನನ್ನ ಅವ್ವ ಉಸಿರಿಗಾಗಿ ಒದ್ದಾಡುತ್ತಿದ್ದಳು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಎಣ್ಣೆ ಭಟ್ಟಿಯಿಂದ ಬಂದ ದಿನ ಅದನ್ನು ಮೊದಲು ಮನೆಯವರು ಮೂಸಬೇಕು. ಬರೀ ಮೂಸುವುದಲ್ಲ, ಹಬೆಗೆ ಕೂರಬೇಕು. ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿ ನಡುಮನೆಯ ಬಾಗಿಲು ಹಾಕಿಸಿ, ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿಸಿ, ನಡುವೆ ಕುದಿಯುವ ನೀರಿನ ಗುಂಡಿ ಪಾತ್ರೆ ಇಡಿಸಿ ಎಣ್ಣೆ ಬಿಡುತ್ತಿದ್ದಳು. ನಾವೆಲ್ಲ ಸುತ್ತ ಕೂತು ಬಾಯಿ ಮುಚ್ಚಿ ಮೂಗಿನಲ್ಲಿ ಎಳೆದುಕೊಳ್ಳಬೇಕು. ಹೊಗೆ ಹತ್ತಿದ ವಾಸನೆಯಿದ್ದರೆ, ಕಮಟು ಹೊಡೆದರೆ, ಆ ಎಣ್ಣೆ ಹಿತ್ತಲಿಗೆ ಹೋಗುತ್ತಿತ್ತು, ಎಷ್ಟೇ ನಷ್ಟವಾಗಲಿ. ಮನೆಯವರ ಎದೆಗೆ ಇಳಿಯದ್ದನ್ನು ಊರವರಿಗೆ ಕೊಡಬಾರದು ಎನ್ನುವುದು ಅಜ್ಜಿಯ ನಿಯತ್ತು. ಅವಳಂಥ ನಿಯತ್ತಿನ ವ್ಯಾಪಾರಿಯನ್ನು ನಾನು ಆಮೇಲೆ ಕಂಡಿಲ್ಲ. ಆದರೆ ಹಬೆಗೆ ಕೂರಲ್ಲ ಎಂದವರು ಆ ಎಣ್ಣೆಯನ್ನೇ ಅನುಮಾನಿಸಿದಂತೆ. ನೀರು ಕಾಯಿಸಿ ಸುರಿಯುವುದು ಸೊಸೆಯ ಕೆಲಸವಾದ್ದರಿಂದ ಅವ್ವ ಗುಂಡಿಗೆ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದಳು.

ನನಗೆ ಆ ಮಧ್ಯಾಹ್ನಗಳು ಬಹಳ ಇಷ್ಟ. ಮುಚ್ಚಿದ ಕೋಣೆ, ಬೆಚ್ಚಗಿನ ಕತ್ತಲು, ಅಪ್ಪನ ತೊಡೆ, ಮೂಗಿನಿಂದ ತಲೆಯವರೆಗೆ ಜುಮ್ಮೆನ್ನುವ ತಂಪು. ಕಣ್ಣು ಮುಚ್ಚಿಕೊಂಡು ಸುಖಪಡುತ್ತಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಅವ್ವ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕುತ್ತಿಗೆಯ ನರ ಎದ್ದುಬಂದು, ಕೂತಿರುತ್ತಿದ್ದಳು. ಬಾಗಿಲು ತೆಗೆದ ಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡೂ ಕೈ ಊರಿ ನಿಲ್ಲುತ್ತಿದ್ದಳು. ಅವಳ ಎದೆಯಲ್ಲಿ ಬೆಕ್ಕು ಗುರುಗುಟ್ಟಿದಂತೆ ಸದ್ದಾಗುತ್ತಿತ್ತು. ಆಮೇಲೆ ಒಲೆಯ ಮುಂದೆ ಕೂರುವಾಗಲೂ ಆ ಸದ್ದು ಬಿಡುತ್ತಿರಲಿಲ್ಲ. ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿ ಉಸಿರು ಹುಡುಕುತ್ತಿದ್ದಳು.

ಅಜ್ಜಿಗೆ ಅವ್ವನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಬರೆದುಬಿಟ್ಟರೆ ಈ ಬರಹ ಸಲೀಸಾಗಿ ಮುಗಿಯುತ್ತದೆ. ಹಾಗಿರಲಿಲ್ಲವಲ್ಲ. ಅವ್ವನಿಗೆ ಉಬ್ಬಸ ಹೆಚ್ಚಾದಾಗ ಅಜ್ಜಿ ತಾನೇ ಕೂತು ಅವಳ ಬೆನ್ನು ನೀವುತ್ತಿದ್ದಳು. ಮಾರಲು ಇಟ್ಟದ್ದಕ್ಕಿಂತ ಒಳ್ಳೆಯ ನೀಲಗಿರಿ ಎಣ್ಣೆಯನ್ನು ತೆಗೆದು, ಕೊಬ್ಬರಿ ಎಣ್ಣೆಗೆ ಬೆರೆಸಿ, ಅವ್ವನ ಎದೆಗೆ ಹಚ್ಚುತ್ತಿದ್ದಳು. ಕಡಿಮೆಯಾಗದಿದ್ದರೆ ಮತ್ತೊಂದು ಹನಿ. ಅದಕ್ಕೂ ಕಡಿಮೆಯಾಗದಿದ್ದರೆ ತಲೆಗೆ ಕಂಬಳಿ ಹೊದಿಸಿ ಹಬೆ. ಪ್ರೀತಿ ಹೆಚ್ಚಿದಷ್ಟೂ ಹನಿಯೂ ಹೆಚ್ಚುತ್ತಿತ್ತು. ಚಿತ್ರದುರ್ಗದ ಡಾಕ್ಟರೊಬ್ಬರಿಗೆ ತೋರಿಸಿದರೆ ಅವರು ಮಾತ್ರೆ ಬರೆದುಕೊಟ್ಟು, ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಹಾಕಿ ಹಬೆ ತಗೊಳ್ಳಿ ಎಂದರು. ಅಜ್ಜಿ ಬಸ್ಸಿಳಿದು ಬರುವಾಗ ಗೆದ್ದವಳ ಹಾಗೆ ನಡೆಯುತ್ತಿದ್ದಳು.

ತವರಿಗೆ ಹೋದರೆ ಮಾತ್ರ ಅವ್ವನ ಉಬ್ಬಸ ನಿಲ್ಲುತ್ತಿತ್ತು. ಇದು ಜಗಳಕ್ಕೆ ಮೂಲವಾಯಿತು. ತವರೂರು ಹೊರಕೆರೆದೇವಪುರ. ಹೊಳಲ್ಕೆರೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಅವ್ವ ಅಲ್ಲಿಗೆ ಹೋಗಬೇಕೆಂದು ಕೇಳಿದ ದಿನ ಪಡಸಾಲೆಯಲ್ಲಿ ನಡೆದ ಮಾತು ನನಗೆ ಹಾಗೇ ನೆನಪಿದೆ.

"ಅಲ್ಲಿಗೋದ್ರೆ ವಾಸಿ, ಇಲ್ಲಿಗ್ ಬಂದ್ರೆ ಜಡ್ಡು. ಇದೆಂಥ ಕಾಯ್ಲೆಯೋ! ಬಸ್ಸಿನ ಟಿಕೀಟು ನೋಡಿ ಬರ್ತೈತೇನು ಅದು?" ಎಂದಳು ಅಜ್ಜಿ.

"ನಂಗೂ ಗೊತ್ತಾಗಲ್ಲತ್ತೆ. ನಾನೇನ್ ಬೇಕಂತ ಮಾಡ್ತೀನಾ?" ಅವ್ವನಿಗೆ ಮಾತಿಗೊಮ್ಮೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಬೇಕಂತ ಅನ್ಲಿಲ್ಲಮ್ಮ. ಮನಸ್ಸು ಇಲ್ಲಿಲ್ಲ ನಿಂದು. ಮನಸ್ಸಿಲ್ದಿದ್ರೆ ಉಸ್ರು ಎಲ್ಲಿ ನಿಲ್ತೈತೆ?"

ಅಪ್ಪ ಇಬ್ಬರ ನಡುವೆ ಕಂಬಕ್ಕೆ ಒರಗಿ ನಿಂತಿದ್ದ. "ಹೋಗ್ ಬರ್ಲಿ ಬಿಡವ್ವ" ಎಂದಷ್ಟೇ ಹೇಳಿ ಭಟ್ಟಿಗೆ ಹೊರಟುಹೋದ. ಅವ್ವನಿಗೆ ನಮ್ಮ ಮೇಲೆ ಮನಸ್ಸಿಲ್ಲವೇ ಎಂಬ ಹೆದರಿಕೆ ನನಗೆ ಹುಟ್ಟಿದ್ದು ಆ ಮಧ್ಯಾಹ್ನ. ಅವಳ ಜೊತೆ ನನ್ನನ್ನೂ ಕಳಿಸಿದರು. ಬೇಸಿಗೆ ರಜೆ ಇತ್ತು.

ದೇವಪುರದಲ್ಲಿ ನೋಡಿದ ಅವ್ವ ನನಗೆ ಗುರುತು ಸಿಗದ ಹೆಂಗಸು. ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಕೆರೆಯ ಏರಿ ಹತ್ತುತ್ತಿದ್ದಳು, ತಮ್ಮಂದಿರ ಜೊತೆ ಗಟ್ಟಿಯಾಗಿ ನಗುತ್ತಿದ್ದಳು, ನನ್ನನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಖುಷಿಪಡಬೇಕಾದ ನಾನು ಮುಖ ಊದಿಸಿಕೊಂಡು ಕೂತೆ. ಅಪ್ಪ ಇಲ್ಲದ ಕಡೆ ಇಷ್ಟು ಚೆನ್ನಾಗಿ ಉಸಿರಾಡುವವಳು ಅಪ್ಪನಿಗೆ ಏನಾಗಬೇಕು? ಅಜ್ಜಿ ಹೇಳಿದ್ದೇ ನಿಜವೇನೋ ಅನ್ನಿಸಿಬಿಟ್ಟಿತು. ಹಿರಿಯೂರಿನಲ್ಲಿ ಅವ್ವನ ಪರ, ದೇವಪುರದಲ್ಲಿ ಅಜ್ಜಿಯ ಪರ, ಹೀಗಾಗಿತ್ತು ನನ್ನ ಪಾಡು.

ರಜೆ ಮುಗಿಯುವ ಹೊತ್ತಿಗೆ ಅಪ್ಪ ಕರೆದೊಯ್ಯಲು ಬಂದ. ಹಾಕಿಕೊಂಡಿದ್ದುದು ಅಂಗಡಿಯಿಂದ ತಂದ ಹೊಸ ಅಂಗಿ ಪಂಚೆ. ಮಾವನ ಮನೆಗೆ ಬರುವುದೆಂದರೆ ಅವನಿಗೆ ಮದುವೆಗೆ ಬಂದಂತೆ. ಅವ್ವನಿಗೆ ಅವಳ ಮದುವೆ ಸೀರೆಯನ್ನೂ ತಂದಿದ್ದ, ದೇವಸ್ಥಾನಕ್ಕೆ ಉಟ್ಟುಕೊಂಡು ಬರಲಿ ಎಂದು. ಅವ್ವ ನಾಚಿಕೊಂಡು ಒಳಗೆ ಹೋಗಿ ಸೀರೆ ಉಟ್ಟು ಬಂದಳು. ತಲೆಗೆ ಹೂ ಮುಡಿದಿದ್ದಳು. ಹೋಗಾಣ ನಡಿ ಎಂದು ಅಪ್ಪ ನನ್ನ ಕೈ ಹಿಡಿದ. ದೇವಸ್ಥಾನದ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಅವ್ವ ನಿಂತಳು. ಕೈ ಊರಲು ಏನಾದರೂ ಸಿಗುತ್ತದೋ ಎಂದು ಗಾಳಿಯಲ್ಲಿ ಹುಡುಕಿದಳು. ಎದೆಯೊಳಗಿನ ಬೆಕ್ಕು ದೇವಪುರಕ್ಕೂ ಬಂದುಬಿಟ್ಟಿತ್ತು.

ಅಪ್ಪ ಅವಳನ್ನು ಹಿಡಿದುಕೊಂಡು ಮನೆಗೆ ತಂದ. ಅವ್ವ ಯಾರ ಮಾತನ್ನೂ ಕೇಳದೆ ಸೆರಗನ್ನು ಮೂಗಿನಿಂದ ದೂರ ಕಿತ್ತೆಳೆದು, ಕೋಣೆಗೆ ಹೋಗಿ ಸೀರೆ ಬಿಚ್ಚಿ ಹೊರಗೆಸೆದು, ತನ್ನ ತಾಯಿಯ ಹಳೆ ನೂಲಿನ ಸೀರೆ ಸುತ್ತಿಕೊಂಡು ಹಿತ್ತಲ ಗಾಳಿಗೆ ಕೂತಳು. ಬಹಳ ಹೊತ್ತಿನ ಮೇಲೆ ಉಸಿರು ತಹಬದಿಗೆ ಬಂತು. ಮದುವೆ ಸೀರೆ ಇಟ್ಟಿದ್ದ ಟ್ರಂಕು ಎಣ್ಣೆ ಕೋಣೆಯಲ್ಲೇ ಇರುತ್ತಿತ್ತು, ಹುಳು ಹಿಡಿಯದಿರಲಿ ಎಂದು. ಅಪ್ಪ ನೆಲದ ಮೇಲೆ ಬಿದ್ದಿದ್ದ ಸೀರೆಯನ್ನು ಎತ್ತಿ ಮುಖಕ್ಕೆ ಹಿಡಿದು ಮೂಸಿದ. ಮತ್ತೆ ಮೂಸಿದ.

"ಏನೂ ವಾಸ್ನೆ ಇಲ್ವಲ್ಲೇ ಇದ್ರಾಗೆ?" ಎಂದ.

"ಐತ್ರಿ" ಎಂದಳು ಅವ್ವ. "ನಿಮ್ಗೆ ಗೊತ್ತಾಗಲ್ಲ."

ನನಗೆ ಗೊತ್ತಾಗುತ್ತಿತ್ತು. ಆ ವಾಸನೆ ಬಿಟ್ಟು ಅಷ್ಟು ದಿನ ದೂರವಿದ್ದ ನನ್ನ ಮೂಗಿಗೆ ಸೀರೆ ಬಾಗಿಲಾಚೆಯಿಂದಲೇ ಘಮ್ಮೆನ್ನುತ್ತಿತ್ತು. ಹಾಗಾದರೆ ಅವ್ವನಿಗೆ ಆಗದಿದ್ದುದು ನಾವಲ್ಲ, ಎಣ್ಣೆ. ಅಷ್ಟು ಮಾತ್ರ ಹೊಳೆದು ಹಗುರಾದೆ. ಮರುಕ್ಷಣವೇ, ಎಣ್ಣೆ ಬೇರೆ ಅಪ್ಪ ಬೇರೆ ಎಂದು ಹೇಗೆ ಬಿಡಿಸುವುದು ಎಂದು ಗಾಬರಿಯಾಯಿತು. ಅಪ್ಪನೂ ಅದನ್ನೇ ಯೋಚಿಸುತ್ತಿದ್ದನೆಂದು ಕಾಣುತ್ತದೆ. ಸೀರೆಯನ್ನು ಮಡಿಚುತ್ತಾ ಮಡಿಚುತ್ತಾ ನೆಲ ನೋಡುತ್ತಿದ್ದ.

ಹಿರಿಯೂರಿಗೆ ಬಂದು ಅಪ್ಪ ನಡೆದದ್ದನ್ನು ಹೇಳಿದಾಗ ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಣ್ಣೆ ಕೋಣೆಯ ಹೊಸ್ತಿಲ ಮೇಲೆ ಕೂತುಕೊಂಡಳು.

"ಊರಿಗೆಲ್ಲ ಆಗಾದು ನಮ್ಮನೆ ಸೊಸೆಗೆ ಆಗಲ್ಲ ಅಂದ್ರೆ? ನಾನ್ ಹಚ್ಚಿದ್ದೆಲ್ಲ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ತನ್ನ ಅಂಗೈ ನೋಡಿಕೊಂಡಳು. "ಕೂಸಿಗೆ ಬ್ಯಾಡ, ಬಸುರಿಗೆ ಬ್ಯಾಡ ಅಂತ ಬಂದೋರಿಗೆಲ್ಲ ಹೇಳ್ದೆ. ಇವ್ಳನ್ನ ಒಂದಿನ ಕೇಳ್ಲಿಲ್ಲ ನೋಡು."

ಆಮೇಲೆ ಹಬೆಗೆ ಅವ್ವನನ್ನು ಕೂರಿಸುವುದು ನಿಂತಿತು. ಟ್ರಂಕು ಪಡಸಾಲೆಗೆ ಬಂತು. ಅಡುಗೆಮನೆಯ ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿದರು. ಏನು ಮಾಡಿದರೂ ಗೋಡೆ, ನೆಲ, ಹಾಸಿಗೆ, ತೊಲೆ ಎಲ್ಲದರಲ್ಲೂ ಎಣ್ಣೆ ಇಳಿದಿತ್ತು. ಉಬ್ಬಸ ಮತ್ತೆ ಹೆಚ್ಚಿ ಅವ್ವನ ತುಟಿ ನೀಲಿಯಾದ ಒಂದು ಬೆಳಗ್ಗೆ ಅಪ್ಪ ಊರಿನ ಇನ್ನೊಂದು ತುದಿಯಲ್ಲಿ, ನದಿಯ ಕಡೆ, ಒಂದು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದ. ಅವ್ವನೂ ನಾನೂ ಅಲ್ಲಿಗೆ ಹೋದೆವು. ಕೇಳಿದವರಿಗೆ ಹುಡುಗಿಯ ಇಸ್ಕೂಲು ಹತ್ತಿರ ಎಂದು ಹೇಳಬೇಕೆಂದು ಅಜ್ಜಿ ಹೇಳಿಕೊಟ್ಟಳು. ಎಣ್ಣೆ ಮನೆಯ ಸೊಸೆಗೇ ಎಣ್ಣೆ ಆಗುವುದಿಲ್ಲ ಎಂದು ಗೊತ್ತಾದರೆ ಕೊಳ್ಳುವವರು ಯಾರು? ಇಸ್ಕೂಲು ನಿಜಕ್ಕೂ ಅಲ್ಲಿಂದ ದೂರವಾಗಿತ್ತು. ಜನ ಗಂಡ ಹೆಂಡತಿಗೆ ಸರಿಯಿಲ್ಲ ಎಂದು ತಾವೇ ಒಂದು ಅರ್ಥ ಮಾಡಿಕೊಂಡರು.

ಅಜ್ಜಿ ವಾರಕ್ಕೊಮ್ಮೆ ಬಂದು, ಮನೆಯ ಮೆಟ್ಟಿಲನ್ನು ಹತ್ತದೆ, ರಸ್ತೆಯಾಚೆ ಬೇವಿನ ಮರದ ಕೆಳಗೆ ನಿಂತು ಕೂಗಿ ಮಾತಾಡುತ್ತಿದ್ದಳು. "ಗಿರಿಜಾ, ಉಂಡ್ಯಾ? ಮಗಿಗೆ ತಲೆ ಬಾಚಿದ್ಯಾ?" ಅವ್ವ ಬಾಗಿಲಲ್ಲಿ ನಿಂತು ಕೂಗಿ ಉತ್ತರ ಕೊಡುತ್ತಿದ್ದಳು. ಒಂದೇ ಮನೆಯಲ್ಲಿದ್ದಾಗ ಅವರಿಬ್ಬರು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಅಪ್ಪ ಸಂಜೆ ಬರುತ್ತಿದ್ದ. ಭಟ್ಟಿಯಿಂದ ನೇರ ನದಿಗೆ ಹೋಗಿ, ಸೀಗೆಪುಡಿ ಕಡಲೆಹಿಟ್ಟು ಹಚ್ಚಿ ಮೈ ತಿಕ್ಕಿಕೊಂಡು, ನಮ್ಮ ಮನೆಯಲ್ಲೇ ಒಗೆದು ಒಣಗಿಸಿಟ್ಟ ಬಟ್ಟೆಯನ್ನು ಹೊರಗಿನ ಬಚ್ಚಲಲ್ಲಿ ಹಾಕಿಕೊಂಡು, ಒದ್ದೆ ತಲೆಯಲ್ಲಿ ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಕೇಳದೆ ಹೊಸ್ತಿಲು ದಾಟುತ್ತಿರಲಿಲ್ಲ. ತನ್ನ ಮೂಗಿಗೆ ತಿಳಿಯದ್ದರಿಂದ ಕೇಳುತ್ತಿದ್ದ.

"ವಾಸ್ನೆ ಬರ್ತೈತೇನೆ?"

"ಇಲ್ಲ, ಬರ್ರಿ ಒಳಕ್ಕೆ" ಎನ್ನುತ್ತಿದ್ದಳು ಅವ್ವ.

ಬರುತ್ತಿತ್ತು. ಕೂದಲ ಬುಡದಲ್ಲಿ, ಉಗುರಿನ ಸಂದಿಯಲ್ಲಿ, ಎಷ್ಟು ತಿಕ್ಕಿದರೂ ಹೋಗದ ಹಾಗೆ ಇತ್ತು. ಅಪ್ಪ ಒಳಗೆ ಬಂದು, ಅವ್ವನ ಕೈಯ ಬಿಸಿ ಮುದ್ದೆ ಉಂಡು, ಭಟ್ಟಿಯ ಸುದ್ದಿ ಹೇಳಿ, ಅವಳನ್ನು ನಗಿಸಿ, ಹೊರಡುತ್ತಿದ್ದ. ಅವನು ಬೀದಿಯ ತಿರುವು ದಾಟುವವರೆಗೆ ಅವ್ವ ಬಾಗಿಲಲ್ಲಿ ನಗುತ್ತ ನಿಂತಿದ್ದು, ಆಮೇಲೆ ಒಳಗೆ ಬಂದು ಕಿಟಕಿಯ ಸರಳು ಹಿಡಿದುಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಅದುಮಿಟ್ಟಿದ್ದ ಉಬ್ಬಸವೆಲ್ಲ ಆಗ ಮೇಲೇಳುತ್ತಿತ್ತು. ಒಂದು ಸಂಜೆ ಅದು ಬಹಳ ಹೊತ್ತು ಇಳಿಯಲೇ ಇಲ್ಲ. ನಾನು ಅತ್ತುಬಿಟ್ಟೆ.

"ಯಾಕವ್ವ ಸುಳ್ ಹೇಳ್ತೀಯ?"

"ಸುಮ್ನಿರು. ನಿಂಗೆ ತಿಳಿಯಲ್ಲ" ಎಂದಳು, ಉಸಿರಿಗೊಂದು ಮಾತಿನಂತೆ.

ಮರುದಿನ ಅಪ್ಪ ಬಂದು ನಿಂತಾಗ ಅವ್ವನ ಕಣ್ಣಿನ ಸುತ್ತ ಕಪ್ಪಿಟ್ಟಿತ್ತು. ಅವನು ಅವಳನ್ನು ಕೇಳಲಿಲ್ಲ. ನನ್ನ ಕಡೆ ತಿರುಗಿದ.

"ಸುಸೀಲಿ, ನೀನ್ ಹೇಳು ಮಗಳೇ. ಬರ್ತೈತಾ?"

ಅವ್ವ ಅವನ ಬೆನ್ನ ಹಿಂದಿನ ಬಚ್ಚಲ ಬಾಗಿಲಲ್ಲಿ, ನೀರು ತರಲು ಹೋಗಿದ್ದವಳು, ಹಾಗೇ ನಿಂತಳು. ಬೇಡ ಎಂದು ತಲೆಯಾಡಿಸಿದಳು. ಎರಡು ಕೈಯನ್ನೂ ಎದೆಯ ಹತ್ತಿರ ಜೋಡಿಸಿಕೊಂಡಿದ್ದಳು. ಅಪ್ಪನ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಅವ್ವ ತಲೆಯಾಡಿಸಿ ಹೇಳಿದ್ದನ್ನು ಕೇಳಬೇಕೋ, ನಿನ್ನೆ ಸಂಜೆ ಅವಳ ಉಸಿರು ಹೇಳಿದ್ದನ್ನು ಕೇಳಬೇಕೋ ನನಗೆ ತಿಳಿಯಲಿಲ್ಲ.

"ಬರ್ತೈತಪ್ಪ" ಎಂದೆ.

ಅಪ್ಪ ತಲೆಯಾಡಿಸಿದ. ಕೈಯಲ್ಲಿದ್ದ ಬದನೆಕಾಯಿ ಚೀಲವನ್ನು ಹೊಸ್ತಿಲ ಮೇಲಿಟ್ಟು, ನನ್ನ ತಲೆ ಸವರಲು ಕೈ ಎತ್ತಿ, ಸವರದೆ ಕೈ ಹಿಂದಕ್ಕೆ ತೆಗೆದುಕೊಂಡು, ಒಳಗೆ ಬಾರದೆ ಹೊರಟುಹೋದ. ಅವ್ವ ಒಲೆ ಹಚ್ಚಿದಳು, ಬದನೆಕಾಯಿ ಹೆಚ್ಚಿದಳು, ಸಾರಿಗಿಟ್ಟಳು. ಆ ಸಂಜೆ ಅವಳ ಉಸಿರು ತಿಳಿಯಾಗಿತ್ತು. ನನ್ನ ಜೊತೆ ಮಾತ್ರ ಒಂದೂ ಮಾತಾಡಲಿಲ್ಲ.